ಅಮ್ಮನ ಲೋಟದ ಹಬೆ

ನಮ್ಮೂರಿನಲ್ಲಿ ಯಾರು ದುಡಿಯುವವರು, ಯಾರು ದುಡಿಸುವವರು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಕೈಗೆ ಒಂದು ಲೋಟ ಚಹಾ ಕೊಟ್ಟು ನೋಡಿದರೆ ಸಾಕು. ದುಡಿಯುವವರ ಕೈಯಲ್ಲಿ ಅದು ಕೊನೆಯ ಗುಟುಕಿನವರೆಗೂ ಸುಡುತ್ತಿರುತ್ತದೆ. ದುಡಿಸುವವರ ಕೈಗೆ ಹೋದದ್ದೇ ತಣ್ಣಗಾಗಿ ಮೇಲೆ ಕೆನೆ ಕಟ್ಟುತ್ತದೆ. ಎರಡರ ನಡುವೆ ಸಿಕ್ಕಿಕೊಂಡ ಮೇಸ್ತ್ರಿಗಳದ್ದು ಉಗುರುಬೆಚ್ಚಗೆ. ಹಾಗಾಗಿ ನಮ್ಮಲ್ಲಿ ಯಾರಿಗಾದರೂ ಬಡ್ತಿ ಬಂದರೆ ಬಡ್ತಿ ಬಂತು ಎನ್ನುವುದಿಲ್ಲ, ಲೋಟ ಆರಿತು ಎನ್ನುತ್ತಾರೆ. ಮಕ್ಕಳು ಕಾಲಿಗೆ ಬಿದ್ದರೆ ‘ನಿನ್ನ ಲೋಟ ಬೇಗ ಆರಲಿ’ ಎಂದು ಹಿರಿಯರು ಹರಸುತ್ತಾರೆ. ಗಂಡು ನೋಡಲು ಹೋದವರು ಹುಡುಗನ ಮುಖ ನೋಡುವ ಮೊದಲು ಅವನ ಲೋಟದ ಬಾಯಿ ನೋಡುತ್ತಾರೆ. ದೊಡ್ಡ ದೊಡ್ಡ ಅಧಿಕಾರಿಗಳು ಬಿಸಿ ಚಹಾದ ಆಸೆ ತಡೆಯಲಾರದೆ, ಹೆಂಡತಿ ಹಿಡಿದ ಲೋಟಕ್ಕೆ ಕರುವಿನ ಹಾಗೆ ಬಾಯಿ ಹಾಕುವುದನ್ನು ನಾನೇ ಕಿಟಕಿಯಿಂದ ಕಂಡಿದ್ದೇನೆ.

ನಮ್ಮಮ್ಮ ಚೆನ್ನಾಜಮ್ಮ ಊರಿನ ಟ್ರಂಕು ಕಾರ್ಖಾನೆಯಲ್ಲಿ ಹೂವಿನ ವಿಭಾಗದವಳು. ಮದುವೆಗೆಂದು ಜನ ಕೊಳ್ಳುವ ತಗಡಿನ ಟ್ರಂಕುಗಳ ಮುಚ್ಚಳದ ಮೇಲೆ ಕುಂಚ ಹಿಡಿದು ಗುಲಾಬಿ ಬಿಡಿಸುವುದು ಅವಳ ಕೆಲಸ. ಜತೆಗೆ ಇನ್ನೂ ನಾಲ್ವರು ಹೆಂಗಸರಿದ್ದರು. ಅಮ್ಮನ ಕುಂಚ ಎಷ್ಟು ಮೆತ್ತಗೋ ನಾಲಿಗೆ ಅಷ್ಟೇ ಗಡಸು. ಬೀದಿ ನಲ್ಲಿಯ ಹತ್ತಿರ ಕೊಡಗಳನ್ನು ಸಾಲಾಗಿ ಇಡಿಸುವವಳು ಅವಳು. ಪಕ್ಕದ ಮನೆ ಸಿಂಗಾರಮ್ಮನ ಗಂಡ ಯಾವಾಗ ಕ್ಷೌರ ಮಾಡಿಸಿಕೊಳ್ಳಬೇಕು ಎಂಬುದನ್ನೂ ಅವಳೇ ಹೇಳಬೇಕು. ಇಷ್ಟೆಲ್ಲ ದರ್ಬಾರು ಮಾಡಿದರೂ ಅವಳ ಲೋಟ ಮಾತ್ರ ಕೆಂಡದ ಹಾಗೆ ಸುಡುತ್ತಿತ್ತು. ‘ಇಡೀ ಬೀದಿಗೆ ಬೀದಿ ನನ್ನ ಮಾತು ಕೇಳುತ್ತೆ, ಈ ಹಾಳು ಟೀ ಒಂದು ಕೇಳಲ್ಲ’ ಎಂದು ಸೆರಗಿನಲ್ಲಿ ಲೋಟ ಹಿಡಿದು ಊದುತ್ತಿದ್ದಳು.

ನಾನು ಅವಳ ಒಬ್ಬಳೇ ಮಗಳು, ಕುಮುದ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಹೇಳುವವಳು ಅಮ್ಮ, ಕೇಳುವವಳು ನಾನು. ಬಿ.ಎ. ಮುಗಿಸಿದ್ದೆ, ದಪ್ಪ ಕನ್ನಡಕ ಹಾಕಿಕೊಂಡಿದ್ದೆ, ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಬಸ್ಸಿನಲ್ಲಿ ‘ಇಳೀತೀನಿ, ನಿಲ್ಲಿಸಿ’ ಎನ್ನಲು ಸಂಕೋಚವಾಗಿ, ಬೇರೆ ಯಾರಾದರೂ ಇಳಿಯುವ ತನಕ ಕೂತಿದ್ದು ಹಿಂದಕ್ಕೆ ನಡೆದು ಬರುವವಳು. ಹೇಳಲಾಗದ್ದನ್ನೆಲ್ಲ ಡೈರಿಯಲ್ಲಿ ಬರೆದು ಮಲಗಿಬಿಡುತ್ತಿದ್ದೆ. ಆ ವರ್ಷ ಕಾರ್ಖಾನೆಯಲ್ಲಿ ಒಬ್ಬ ಕಲ್ಯಾಣಾಧಿಕಾರಿ ಇರಲೇಬೇಕೆಂದು ಸರ್ಕಾರದಿಂದ ತಾಕೀತು ಬಂತು. ಮ್ಯಾನೇಜರ್ ಸೀತಾಪತಿಯವರಿಗೆ ಪದವಿ ಇರುವ, ಬಾಯಿ ಇಲ್ಲದ ಒಬ್ಬರು ಬೇಕಾಗಿತ್ತು. ಸುದ್ದಿ ತಿಳಿದ ಅಮ್ಮ ಕೈಗಂಟಿದ ಬಣ್ಣವನ್ನೂ ತೊಳೆಯದೆ ಅವರ ಕೋಣೆಗೆ ಹೋಗಿ, ‘ಎರಡೂ ಒಂದೇ ಕಡೆ ಇರೋ ಹುಡುಗಿ ನಮ್ಮನೇಲಿದಾಳೆ’ ಎಂದು ಹೇಳಿ ಬಂದಳು. ಮುಂದಿನ ಸೋಮವಾರ ನನಗೊಂದು ಮೇಜು, ಅದರ ಮೇಲೆ ‘ಕಾರ್ಮಿಕ ಕಲ್ಯಾಣಾಧಿಕಾರಿ’ ಎಂಬ ಬೋರ್ಡು. ಅಮ್ಮ ಬೀದಿಗೆಲ್ಲ ಕಲ್ಲುಸಕ್ಕರೆ ಹಂಚಿದಳು. ‘ನಮ್ಮ ವಂಶದಲ್ಲೇ ಮೊದಲನೇ ತಣ್ಣನೆ ಲೋಟ ಕಣ್ರೀ’ ಎಂದು ಪ್ರತಿ ಬಾಗಿಲಲ್ಲೂ ನಿಂತು ಹೇಳಿದಳು.

ತಣ್ಣಗಾಗಿದ್ದರೆ ತಾನೆ? ಮೊದಲನೇ ದಿನವೇ ಕ್ಯಾಂಟೀನಿನ ಚಹಾ ನನ್ನ ನಾಲಿಗೆ ಸುಟ್ಟಿತು. ಕಾರಣ ನನಗೂ ಗೊತ್ತಿತ್ತು. ಕುಡಿಯುವ ನೀರಿನ ಮಡಕೆ ತುಂಬಿಸು ಎಂದು ಅಟೆಂಡರ್ ಮಾದಯ್ಯನಿಗೆ ಹೇಳಬೇಕಾದವಳು ನಾನು. ಹೇಳಲು ಬಾಯಿ ಬಾರದೆ ನಾನೇ ಹೋಗಿ ತುಂಬಿಸುತ್ತಿದ್ದೆ. ಕಕ್ಕಸಿನ ಬಾಗಿಲಿನ ಚಿಲಕ ಮುರಿದರೆ ಬಡಗಿಯನ್ನು ಕರೆಸುವ ಬದಲು ದಾರ ಕಟ್ಟುತ್ತಿದ್ದೆ. ರಜೆ ಕೊಡುವವರು, ಕೊಡದಿರುವವರು ಸೀತಾಪತಿ. ಅವರು ಹೇಳಿದ್ದನ್ನು ದುಂಡಗೆ ಬರೆಯುವವಳಷ್ಟೇ ನಾನು. ಸಂಜೆ ಅಮ್ಮ ಮಾತ್ರ ನನ್ನನ್ನು ಜಗಲಿಯ ಮೇಲೆ, ಬೀದಿಗೆಲ್ಲ ಕಾಣುವ ಹಾಗೆ ಕೂರಿಸಿ, ‘ಕುಡಿಯೇ, ಅಧಿಕಾರಿಗಳು ಕುಡಿಯೋ ಹಾಗೆ ಕುಡಿ’ ಎನ್ನುತ್ತಿದ್ದಳು. ಅದಕ್ಕೇ ನಾನು ಅಡುಗೆಮನೆಗೆ ಹೋಗಿ, ಲೋಟಕ್ಕೆ ಅರ್ಧ ಚಹಾ ಬಗ್ಗಿಸಿ, ಉಳಿದರ್ಧ ಕೊಡದ ತಣ್ಣೀರು ಬೆರೆಸಿ ತಂದು, ಒಂದೇ ಗುಟುಕಿಗೆ ಎತ್ತುವುದನ್ನು ಕಲಿತೆ. ಸಿಂಗಾರಮ್ಮ ತನ್ನ ಮಕ್ಕಳನ್ನು ಕರೆದು, ‘ನೋಡ್ರೋ, ಓದಿದ್ರೆ ಹೀಗಾಗ್ತೀರ’ ಎಂದು ನನ್ನ ಕಡೆ ತೋರಿಸುತ್ತಿದ್ದಳು.

ಹೀಗಿರುವಾಗ ಕಾರ್ಖಾನೆಗೆ ಗುಲಾಬಿಯ ಸ್ಟಿಕ್ಕರುಗಳು ಬಂದವು. ಮುಚ್ಚಳದ ಮೇಲೆ ಅಂಟಿಸಿ ಅಂಗೈಯಲ್ಲಿ ಒಮ್ಮೆ ಸವರಿದರೆ ಮುಗಿಯಿತು, ಕುಂಚ ಬೇಡ, ಬಣ್ಣ ಬೇಡ, ಬಣ್ಣದವರೂ ಬೇಡ. ಆದರೆ ಕೆಲಸಗಾರರನ್ನು ತೆಗೆಯಬೇಕೆಂದರೆ ಕಾರಣ ಹೇಳಬೇಕು, ನೋಟಿಸು ಕೊಡಬೇಕು, ಸರ್ಕಾರದ ಕಾರ್ಮಿಕ ಅಧಿಕಾರಿಯ ಮುಂದೆ ನಿಲ್ಲಬೇಕು. ಮೇಲ್ವಿಚಾರಕರಾದರೆ ಈ ತಾಪತ್ರಯ ಯಾವುದೂ ಇಲ್ಲ, ಒಂದು ಕಾಗದ ಸಾಕು. ಸೀತಾಪತಿಯವರು ಬಹಳ ಯೋಚಿಸಿ ಅಮ್ಮನಿಗೆ ಒಂದು ಕುರ್ಚಿ ತರಿಸಿದರು. ‘ಚೆನ್ನಾಜಮ್ಮ, ಇವತ್ತಿಂದ ನೀವು ಹೂವಿನ ವಿಭಾಗದ ಮೇಲ್ವಿಚಾರಕಿ’ ಎಂದು ಎದೆಗೆ ಬಿಲ್ಲೆ ಚುಚ್ಚಿಸಿದರು. ಉಳಿದ ನಾಲ್ವರೂ ಚಪ್ಪಾಳೆ ತಟ್ಟಿದರು. ಅಮ್ಮ ಕುರ್ಚಿಯ ಮೇಲೆ ಒಮ್ಮೆ ಕೂತು ನೋಡಿದಳು. ಅಲ್ಲಿಂದ ಮುಚ್ಚಳಕ್ಕೆ ಕೈ ಎಟುಕಲಿಲ್ಲ. ಇಳಿದು ಎಂದಿನಂತೆ ನೆಲದ ಮೇಲೆ ಕೂತು ಗುಲಾಬಿ ಬಿಡಿಸತೊಡಗಿದಳು. ಕುರ್ಚಿಯ ಮೇಲೆ ಬಣ್ಣದ ಡಬ್ಬಿಗಳು ಕೂತವು.

ಅಂದು ಸಂಜೆ ಮನೆಯಲ್ಲಿ ಅಮ್ಮ ಗಂಭೀರವಾಗಿ, ‘ಕುಮುದ, ನಂದೂ ಆರ್ತಾ ಇದೆ ಕಣೇ’ ಎಂದಳು. ಜಗಲಿಗೆ ಬಂದು ಸಿಂಗಾರಮ್ಮನನ್ನು ಕರೆದು ಅವಳೆದುರು ಲೋಟವನ್ನು ಗಟಗಟ ಎತ್ತಿ ಕೆಳಗಿಟ್ಟಳು. ಸಿಂಗಾರಮ್ಮನ ಕಣ್ಣಲ್ಲಿ ನೀರೇ ಬಂತು. ನಾನು ಸಂತೋಷಪಡಬೇಕೆಂದಿದ್ದೆ. ಆದರೆ ಮಾರನೆಯ ದಿನ ಒಳಗಿನಿಂದ ಬರುವಾಗ ಕಂಡೆ. ಅಮ್ಮ ಪಾತ್ರೆಯಿಂದ ಅರ್ಧ ಲೋಟ ಚಹಾ ಬಗ್ಗಿಸಿಕೊಂಡಳು, ಬಾಗಿಲಿಗೆ ಬೆನ್ನು ಮಾಡಿದಳು, ಕೊಡದ ಮುಚ್ಚಳ ಸದ್ದಾಗದ ಹಾಗೆ ಸರಿಸಿದಳು. ನಾನು ಹಿಂದೆ ಸರಿದು ಗೋಡೆಗೊರಗಿ ನಿಂತೆ. ಅವಳು ಹೊರಗೆ ಹೋದ ಮೇಲೆ ನನ್ನ ಸರದಿ. ಅಂದಿನಿಂದ ನಮ್ಮ ಮನೆಯ ಒಂದೇ ಕೊಡದ ಹತ್ತಿರ ಇಬ್ಬರೂ ಕಳ್ಳರ ಹಾಗೆ ಹೋಗಿ ಬರುತ್ತಿದ್ದೆವು. ಜಗಲಿಯ ಮೇಲೆ ಅಕ್ಕಪಕ್ಕ ಕೂತು ಅಧಿಕಾರಿಗಳ ಹಾಗೆ ಎತ್ತುತ್ತಿದ್ದೆವು. ಚಹಾಪುಡಿಯವನು ಮೋಸ ಮಾಡುತ್ತಿದ್ದಾನೆ, ಮೊದಲಿನ ಕಸುವಿಲ್ಲ ಎಂದು ಅಮ್ಮ ಬೈದರೆ ನಾನು ಹೂಂಗುಟ್ಟುತ್ತಿದ್ದೆ.

ತಿಂಗಳು ತುಂಬುವುದರೊಳಗೆ ಸೀತಾಪತಿಯವರು ನನ್ನನ್ನು ಕರೆದು ಒಂದು ಲಕೋಟೆ ಕೊಟ್ಟರು. ‘ನಿಮ್ಮ ತಾಯೋರಿಗೆ ಕೊಟ್ಬಿಡಮ್ಮ. ಮನೆಯೋರೇ ಕೊಟ್ರೆ ಬೇಜಾರಿರಲ್ಲ’ ಎಂದರು. ಮೇಲ್ವಿಚಾರಕಿಯ ಹುದ್ದೆ ಇನ್ನು ಅಗತ್ಯವಿಲ್ಲ, ನಾಳೆಯಿಂದ ಬರಬೇಕಾಗಿಲ್ಲ ಎಂಬ ಕಾಗದ. ಎದುರು ನಿಂತು ಕೊಡುವ ಧೈರ್ಯವಿಲ್ಲದೆ ಅಮ್ಮ ಅತ್ತ ತಿರುಗಿದ್ದಾಗ ಅದನ್ನು ಅವಳ ಕುರ್ಚಿಯ ಮೇಲಿಟ್ಟು ಓಡಿಬಂದೆ. ಕೂರುವಾಗ ಸಿಗುತ್ತದೆ ಎಂದುಕೊಂಡಿದ್ದೆ. ಅವಳು ಕೂರಲೇ ಇಲ್ಲ. ಕೆಂಪು ಬಣ್ಣದ ಡಬ್ಬಿಯನ್ನು ಅದರ ಮೇಲೇ ಇಟ್ಟು ಸಂಜೆಯ ಸೈರನ್ ಆಗುವವರೆಗೆ ಕೆಲಸ ಮಾಡಿದಳು. ಕೊನೆಗೆ ಡಬ್ಬಿ ಎತ್ತಿದಾಗ ಅಡಿಗೆ ಅಂಟಿಕೊಂಡು ಬಂತು ಕಾಗದ.

ಉಳಿದ ನಾಲ್ವರಿಗೆ ಆಗ ಅರ್ಥವಾಯಿತು. ಮರುದಿನ ಗೇಟಿನ ಹತ್ತಿರ ಕೈಗಾಡಿಯಲ್ಲಿ ನಾಲ್ಕು ಹೊಸ ಕುರ್ಚಿ ಬರುವುದನ್ನು ಕಂಡು ಅವರು ಹೆಣ ಕಂಡವರ ಹಾಗೆ ಬಾಯಿ ಬಡಿದುಕೊಂಡರು. ‘ನಮಗೆ ಕುರ್ಚಿ ಬೇಡ ಸ್ವಾಮಿ, ನಿಮ್ಮ ದಮ್ಮಯ್ಯ’ ಎಂದು ಸೀತಾಪತಿಯ ಕಾಲಿಗೆ ಬಿದ್ದರು. ಅಮ್ಮ ಯಾರ ಕಾಲಿಗೂ ಬೀಳಲಿಲ್ಲ. ಬಣ್ಣದ ಉಂಗುರ ಬಿದ್ದ ಆ ಕಾಗದ ಹಿಡಿದು ನೇರವಾಗಿ ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋಗಿ ದೂರು ಕೊಟ್ಟಳು.

ಕಾರ್ಮಿಕ ಅಧಿಕಾರಿ ವೃಷಭೇಂದ್ರಯ್ಯನವರು ಬಹಳ ಹುಷಾರಿನ ಮನುಷ್ಯ. ಅವರ ಮೇಜಿನ ಮೇಲೆ ಕಡತಗಳಿಗಿಂತ ಲೋಟಗಳೇ ಹೆಚ್ಚು. ಪಕ್ಕದ ಸ್ಟೌವಿನ ಮೇಲೆ ಸದಾ ಕುದಿಯುವ ಕೆಟಲ್ಲು. ತಾವು ಮಾತ್ರ ಮಜ್ಜಿಗೆಯನ್ನಲ್ಲದೆ ಬೇರೇನೂ ಕುಡಿಯುತ್ತಿರಲಿಲ್ಲ. ಅವರ ಲೋಟದ ಗುಟ್ಟು ಊರಿಗೆ ಇವತ್ತಿಗೂ ತಿಳಿಯದು.

ವಿಚಾರಣೆಯ ದಿನ ಕಚೇರಿ ತುಂಬಿತ್ತು. ಅಮ್ಮನ ಕೈಗೆ ಲೋಟ ಕೊಟ್ಟರು. ಹಬೆ ಭುಸ್ಸೆಂದು ಎದ್ದಿತು. ಅಮ್ಮ ಸೆರಗಿನಲ್ಲಿ ಹಿಡಿದುಕೊಂಡು ಗೆದ್ದವಳ ಹಾಗೆ ಸುತ್ತ ನೋಡಿದಳು. ವೃಷಭೇಂದ್ರಯ್ಯನವರು ಬರೆಯಲು ಪೆನ್ನು ಎತ್ತಿದರು. ಆಗ ಎದ್ದು ನಿಂತವರು ಕಂಪನಿಯ ಲಾಯರು ಹಿರಿಯಣ್ಣಯ್ಯ.

‘ಸ್ವಾಮಿ, ಇವತ್ತಿನ ಲೋಟ ಇವತ್ತಿನ ಮಾತು ಹೇಳುತ್ತೆ ಅಷ್ಟೆ. ಇವರ ಕೆಲಸ ಹೋಗಿ ಎಷ್ಟೋ ದಿನ ಆಯ್ತು. ಮನೇಲಿ ಪಾತ್ರೆ ತೊಳೀತಾ ಇರೋರ ಟೀ ಬಿಸಿ ಇರದೆ ಇನ್ನೇನು? ಕೆಲಸದಿಂದ ತೆಗೆದ ದಿನ ಲೋಟ ಹೇಗಿತ್ತು, ಅದು ಪ್ರಶ್ನೆ.’

‘ಆವತ್ತಿನ ಟೀ ಈಗ ಎಲ್ಲಿಂದ ತರೋಣ ಲಾಯರೇ?’ ಎಂದರು ವೃಷಭೇಂದ್ರಯ್ಯ.

‘ಟೀ ತರೋಕಾಗಲ್ಲ. ಕುಡಿದಿದ್ದು ನೋಡಿದೋರ್ನ ತಂದಿದೀನಿ’ ಎಂದು ಲಾಯರು ಬಾಗಿಲ ಕಡೆ ಕೈಮಾಡಿದರು. ಹೊಸ ಸೀರೆ ಉಟ್ಟು, ತಲೆತುಂಬ ಹೂ ಮುಡಿದು ಸಿಂಗಾರಮ್ಮ ಒಳಗೆ ಬಂದಳು. ಅವಳ ಮನಸ್ಸಿನಲ್ಲಿ ಕಲ್ಮಷವಿರಲಿಲ್ಲ. ಗೆಳತಿಯ ದೊಡ್ಡಸ್ತಿಕೆಯನ್ನು ಎಲ್ಲರೆದುರು ಹೇಳಲು ಕರೆಸಿದ್ದಾರೆ ಎಂದೇ ಅವಳು ನಂಬಿದ್ದಳು.

‘ನಾನೇ ಕಣ್ಣಾರೆ ಕಂಡಿದೀನಿ ಸ್ವಾಮಿ. ದಿನಾ ಸಂಜೆ ಕರೆದು ತೋರಿಸೋರು. ಒಂದೇ ಗುಟುಕು. ಹಬೆ ಅನ್ನೋದರ ಸುಳಿವಿಲ್ಲ. ಬೇಕಾದ್ರೆ ಬೆರಳಿಟ್ಟು ನೋಡೇ ಸಿಂಗಾರಿ ಅಂದ್ರು, ಇಟ್ಟೆ. ಬಾವಿ ನೀರು ಇದ್ದಂಗಿತ್ತು.’ ಅವಳು ಅಮ್ಮನ ಕಡೆ ತಿರುಗಿ, ‘ಅಲ್ವೇನ್ರೀ ಚೆನ್ನಾಜಮ್ಮೋರೆ? ಹೇಳಿ’ ಎಂದಳು.

ಅಮ್ಮ ಒಂದು ಮಾತು ಹೇಳಿದರೆ ಸಾಕಿತ್ತು. ನೀರು ಬೆರೆಸಿದ್ದೆ ಎಂದರೆ ಮುಗಿಯುತ್ತಿತ್ತು. ಅವಳು ಬಾಯಿ ತೆರೆದಳು, ಸಿಂಗಾರಮ್ಮನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು, ಬಾಯಿ ಮುಚ್ಚಿಕೊಂಡಳು. ಅಮ್ಮ ಉತ್ತರ ಕೊಡದಿದ್ದುದನ್ನು ನಾನು ಹುಟ್ಟಿದ ಮೇಲೆ ಕಂಡದ್ದು ಅದೇ ಮೊದಲು. ವೃಷಭೇಂದ್ರಯ್ಯನವರು ಪೆನ್ನು ಕೆಳಗಿಟ್ಟರು. ಕುಂಚದ ಕೆಲಸ ಹೋದಂತೆಯೇ ಎಂದುಕೊಂಡೆ. ಅಮ್ಮನಿಗೆ ಬೇರೆ ಕೆಲಸ ಬಾರದು. ಗುಲಾಬಿ ಬಿಡಿಸದ ಅಮ್ಮ ಹೇಗಿರುತ್ತಾಳೆ ಎಂಬುದನ್ನು ಈಚಿನ ದಿನಗಳಲ್ಲಿ ನೋಡಿದ್ದೆ. ಹಿಟ್ಟಿನ ಡಬ್ಬಿ, ಬಚ್ಚಲ ಬಾಗಿಲು, ಕೊನೆಗೆ ನನ್ನ ಡೈರಿಯ ರಟ್ಟು, ಏನು ಸಿಕ್ಕಿದರೂ ಬೆರಳಲ್ಲಿ ಎಸಳು ಗೀಚುತ್ತ ಕೂರುತ್ತಿದ್ದಳು.

‘ಇನ್ನೊಬ್ಬರು ಸಾಕ್ಷಿ ಇದಾರೆ’ ಎಂದರು ಲಾಯರು. ‘ಇವರ ಮೇಲಧಿಕಾರಿ, ಕಲ್ಯಾಣಾಧಿಕಾರಿ ಕುಮುದಾ ಅವರು. ಸ್ವಂತ ಮಗಳು. ಮಗಳು ತಾಯಿ ವಿರುದ್ಧ ಸುಳ್ಳು ಹೇಳ್ತಾಳಾ?’

ನಾನು ಎದ್ದು ನಿಂತೆ. ಅಷ್ಟೂ ಮುಖಗಳು ನನ್ನನ್ನೇ ನೋಡುತ್ತಿದ್ದವು. ಅಮ್ಮನ ಲೋಟ ತಣ್ಣಗಿತ್ತೇ ಎಂದು ಕೇಳಿದಾಗ ಹೇಳಲೆಂದು ಲಾಯರು ಮೊದಲೇ ನನಗೆ ಕಲಿಸಿದ್ದು ಒಂದೇ ಮಾತು, ‘ಹೌದು’. ಅಷ್ಟರಲ್ಲಿ ಸೀತಾಪತಿಯವರು ಉತ್ಸಾಹದಿಂದ, ‘ಮೊದಲು ನಮ್ಮ ಅಧಿಕಾರಿಗೆ ಒಂದು ಲೋಟ ಟೀ ಕೊಡಿ ಸ್ವಾಮಿ. ಎಂಥವರು ಸಾಕ್ಷಿ ಹೇಳ್ತಿದಾರೆ ಅಂತ ಎಲ್ಲರೂ ನೋಡ್ಲಿ’ ಎಂದರು. ಬೀದಿಯೆಲ್ಲ ಹೊಗಳುವ ನನ್ನ ತಣ್ಣನೆ ಲೋಟದ ಸುದ್ದಿ ಅವರವರೆಗೂ ಹೋಗಿತ್ತು.

‘ಅವಳಿಗೆ ಗಂಟಲು ನೋವು. ಟೀ ಆಗಲ್ಲ’ ಎಂದಳು ಅಮ್ಮ ತಟ್ಟನೆ.

‘ಕುಡಿಯೋದು ಬೇಡ, ಹಿಡಿದ್ರೆ ಸಾಕು’ ಎಂದರು ಲಾಯರು.

‘ಹಿಡಿಯೋದೂ ಬೇಡ. ಕುಮುದ, ಬಾ ಇಲ್ಲಿ, ಮನೆಗೆ ಹೋಗಣ. ಕೆಲಸ ಹೋದ್ರೆ ಹೋಗ್ಲಿ, ನಂಗೇನು ಈ ಕಾರ್ಖಾನೆ ಒಂದೇನಾ?’ ಅಮ್ಮ ಎದ್ದೇಬಿಟ್ಟಳು. ಆಗ ನನಗೆ ಹೊಳೆಯಿತು, ಅವಳು ಬಾಯಿ ಮುಚ್ಚಿಕೊಂಡದ್ದು ತನ್ನ ಮಾನಕ್ಕಾಗಿ ಅಷ್ಟೇ ಅಲ್ಲ. ಒಂದು ಲೋಟದ ನೀರಿನ ಮಾತು ಹೊರಬಿದ್ದರೆ ಪಕ್ಕದ ಲೋಟವನ್ನೂ ಜನ ಬಗ್ಗಿ ನೋಡುತ್ತಾರೆ. ಆದರೆ ನನ್ನ ಲೋಟದ ವಿಷಯ ಅವಳಿಗೆ ಗೊತ್ತಿದೆಯೋ ಇಲ್ಲವೋ ಎಂದು ಯೋಚಿಸುವಷ್ಟು ಹೊತ್ತಿರಲಿಲ್ಲ. ಗುಮಾಸ್ತ ಲೋಟವನ್ನು ನನ್ನ ಕೈಯಲ್ಲಿಟ್ಟಿದ್ದ.

‘ಇಡೇ ಕೆಳಗೆ’ ಎಂದಳು ಅಮ್ಮ.

‘ಅಮ್ಮ, ನೀನು ಸ್ವಲ್ಪ ಸುಮ್ನೆ ಕೂತ್ಕೊ’ ಎಂದೆ ನಾನು.

ಅಮ್ಮ ಕೂತಳು. ಸಿಂಗಾರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ‘ನೋಡಿದ್ರಾ ಸ್ವಾಮಿ, ಅಧಿಕಾರ ಅಂದ್ರೆ ಇದು’ ಎಂದು ಲಾಯರು ನನ್ನ ಲೋಟದ ಕಡೆ ಬೆರಳು ತೋರಿಸಿದರು. ತೋರಿಸಿದ ಬೆರಳು ಅಲ್ಲೇ ನಿಂತಿತು. ಲೋಟದಿಂದ ಹಬೆ ಸುರುಳಿ ಸುರುಳಿಯಾಗಿ ಎದ್ದು ನನ್ನ ಮುಖಕ್ಕೆ ಬಡಿಯಿತು, ಕನ್ನಡಕದ ಎರಡೂ ಗಾಜು ಬೆಳ್ಳಗಾದವು. ನನಗೆ ಯಾರೂ ಕಾಣದಾದರು. ಲಾಯರಿಲ್ಲ, ಮ್ಯಾನೇಜರಿಲ್ಲ, ಅಮ್ಮನೂ ಇಲ್ಲ, ಡೈರಿಯ ಖಾಲಿ ಹಾಳೆಯಂಥ ಬಿಳುಪು ಮಾತ್ರ. ಆ ಬಿಳುಪಿಗೆ ನಾನು ಮಾತಾಡಿದೆ.

ನನ್ನ ಮೇಜಿನ ಮೇಲಿರುವುದು ಬೋರ್ಡು ಮಾತ್ರ, ಮಡಕೆ ತುಂಬಿಸುವವಳು ನಾನೇ ಎಂದೆ. ದಿನಾ ಸಂಜೆ ನನ್ನ ಲೋಟಕ್ಕೆ ನೀರು ಬೆರೆಸಿಕೊಂಡು ಕುಡಿದು ಬೀದಿಗೆಲ್ಲ ಮೋಸ ಮಾಡಿದೆ ಎಂದೆ. ಅಮ್ಮ ಕುಡಿದದ್ದೂ ಅದೇ ಕೊಡದ ನೀರು, ನಾನು ಗೋಡೆಯ ಮರೆಯಿಂದ ನೋಡಿದ್ದೇನೆ ಎಂದೆ. ಎಲ್ಲಿಂದಲೋ ಸಿಂಗಾರಮ್ಮನ ದನಿ, ‘ಅಯ್ಯೋ ಶಿವನೇ, ನಾನು ಬೆರಳು ಬೇರೆ ಇಟ್ಟೆನಲ್ಲಾ’ ಎಂದಿತು.

ವೃಷಭೇಂದ್ರಯ್ಯನವರ ದನಿ ಮೆಲ್ಲಗೆ ಕೇಳಿತು. ‘ಹೂವಿನ ವಿಭಾಗದಲ್ಲಿ ಯಾರಿಗೆ ಯಾವ ಮುಚ್ಚಳ ಅಂತ ಹಂಚೋರು ಯಾರಮ್ಮ?’

‘ಯಾರೂ ಹಂಚಲ್ಲ ಸಾರ್. ರಾಶಿಯಿಂದ ಒಂದೊಂದು ತಗೊಂಡು ಹೋಗ್ತಾರೆ.’

‘ರಜ ಕೇಳಿದ್ರೆ ಕೊಡೋರು?’

‘ಮ್ಯಾನೇಜರು.’

‘ತಪ್ಪು ಮಾಡಿದ್ರೆ ದಂಡ ಹಾಕೋರು?’

‘ಅವರೇ.’

‘ಮತ್ತೆ ಕುರ್ಚಿ ಮೇಲೆ ಕೂತು ಇವರು ಏನು ಮಾಡ್ತಿದ್ರು?’

‘ಅಮ್ಮ ಕೂತಿಲ್ಲ ಸಾರ್. ಬಣ್ಣದ ಡಬ್ಬಿ ಕೂತಿತ್ತು.’

‘ಸ್ವಾಮಿ, ಆಯಮ್ಮ ಆ ನಾಲ್ಕು ಜನರಿಗೂ ಬೆಳಗಿಂದ ಸಂಜೆವರೆಗೆ ಬೈತಾ ಇರ್ತಾರೆ. ಎಲೆ ಹಿಂಗಲ್ಲ, ಎಸಳು ಹಂಗಲ್ಲ ಅಂತ. ಅದು ಮೇಲ್ವಿಚಾರಣೆ ಅಲ್ವಾ?’ ಎಂದರು ಲಾಯರು.

‘ಬೈಯೋದೇ ಮೇಲ್ವಿಚಾರಣೆ ಆಗಿದ್ರೆ ಲಾಯರೇ, ಈ ಊರಲ್ಲಿ ಒಬ್ಬರ ಮನೆ ಟೀನೂ ಬಿಸಿ ಇರ್ತಿರಲಿಲ್ಲ’ ಎಂದರು ವೃಷಭೇಂದ್ರಯ್ಯ. ‘ಈ ಹುಡುಗಿ ಈಗ ತಾನೇ ತಾಯಿಗೆ ಅಷ್ಟು ಜೋರಾಗಿ ಹೇಳ್ತಲ್ಲ. ಲೋಟ ಆರ್ತಾ?’

ಕನ್ನಡಕದ ಮಂಜು ಕರಗಿ ಮುಖಗಳು ಒಂದೊಂದಾಗಿ ವಾಪಸು ಬಂದವು. ಮೊದಲು ಕಂಡದ್ದು ಸೀತಾಪತಿಯವರದು, ಅವರ ಟ್ರಂಕುಗಳ ಗುಲಾಬಿಗಿಂತ ಕೆಂಪಗಿತ್ತು. ‘ನಾಳೆಯಿಂದ ನೀವೂ ಬರೋದು ಬೇಡ’ ಎಂದರು ನನಗೆ.

‘ನಿಧಾನ ಸೀತಾಪತಿಗಳೇ’ ಎಂದರು ವೃಷಭೇಂದ್ರಯ್ಯ ಮಜ್ಜಿಗೆ ಹೀರುತ್ತ. ‘ಹಬೆ ನೀವೇ ತರಿಸಿ ತೋರಿಸಿದ್ರಿ. ಇವರೂ ಕೆಲಸಗಾರರೇ ಅಂತ ಈಗ ಈ ಕಚೇರಿಗೆಲ್ಲ ಗೊತ್ತಾಯ್ತು. ತೆಗೀಬೇಕಾದ್ರೆ ಕಾರಣ, ನೋಟಿಸು, ವಿಚಾರಣೆ ಎಲ್ಲ ಬೇಕು. ಇಲ್ಲೇ ನನ್ನ ಮುಂದೆ.’ ಸೀತಾಪತಿಯವರು ತಮ್ಮೆದುರಿಗಿದ್ದ ಲೋಟ ಎತ್ತಿದರು. ಅದು ಯಾವಾಗಲೋ ತಣ್ಣಗಾಗಿ ಮೇಲೆ ದಪ್ಪ ಕೆನೆ ಕಟ್ಟಿತ್ತು. ಕೆನೆ ಮೀಸೆಗೆ ಅಂಟಿತು. ಯಾರೂ ನಗಲಿಲ್ಲ, ಎಲ್ಲರೂ ನೆಲ ನೋಡಿದರು.

ಹೆಸರು ಏನೇ ಇಡಲಿ, ಕುರ್ಚಿ ಎಷ್ಟೇ ಹಾಕಲಿ, ಕೈ ಏನು ಮಾಡುತ್ತದೋ ಅದೇ ಕೆಲಸ, ಚೆನ್ನಾಜಮ್ಮನನ್ನು ನಾಳೆಯಿಂದಲೇ ಕುಂಚಕ್ಕೆ ಮರಳಿ ಕೂರಿಸಬೇಕು ಎಂದು ವೃಷಭೇಂದ್ರಯ್ಯನವರು ಆದೇಶ ಬರೆದರು. ನಾಲ್ವರು ಹೆಂಗಸರು ಅಮ್ಮನನ್ನು ಅಪ್ಪಿಕೊಂಡರು. ಅಮ್ಮ, ‘ಸಾಕು ಬಿಡ್ರೇ, ಸೀರೆ ಮುದುಡುತ್ತೆ’ ಎಂದಳು. ನನ್ನ ಕಡೆ ನೋಡಲಿಲ್ಲ.

ಮನೆಯವರೆಗೂ ಅವಳು ಮುಂದೆ ಮುಂದೆ ನಡೆದಳು. ನಾನು ನಾಲ್ಕು ಹೆಜ್ಜೆ ಹಿಂದೆ ಬಂದೆ. ಸಿಂಗಾರಮ್ಮ ನಮಗಿಂತ ಮೊದಲೇ ತಲುಪಿದ್ದಳು ಎಂಬುದು ಬೀದಿಯ ಮುಖ ನೋಡಿದರೇ ತಿಳಿಯುತ್ತಿತ್ತು. ಪ್ರತಿ ಜಗಲಿಯ ಮೇಲೂ ಜನ ಕೂತಿದ್ದರು. ಅಮ್ಮ ಯಾರನ್ನೂ ನೋಡದೆ ಒಳಗೆ ಹೋದಳು, ಸ್ಟೌ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಎರಡು ಲೋಟ ತುಂಬ ಚಹಾ ಹಿಡಿದು ಹೊರಗೆ ಬಂದು ಜಗಲಿಯ ಮೇಲೆ ಕೂತಳು. ‘ಬಾ ಇಲ್ಲಿ’ ಎಂದು ಪಕ್ಕದ ಜಾಗ ತಟ್ಟಿದಳು. ಎರಡೂ ಲೋಟಗಳಿಂದ ಹಬೆ ಬೀದಿಗೆಲ್ಲ ಕಾಣುವ ಹಾಗೆ ಏಳುತ್ತಿತ್ತು.

‘ಏನ್ರೀ ಚೆನ್ನಾಜಮ್ಮೋರೆ, ಬಲೇ ಹಬೆ ಆಡ್ತಾ ಇದೆ’ ಎಂದಳು ಸಿಂಗಾರಮ್ಮ ಅತ್ತಲಿಂದ.

‘ಆಡ್ಲಿ ಬಿಡಿ. ಬೆಳಿಗ್ಗೆ ಎದ್ದು ಡ್ಯೂಟಿಗೆ ಹೋಗೋರ ಟೀ. ನೀವು ನಿಮ್ಮೆಜಮಾನರಿಗೆ ಮೊದಲು ಕ್ಷೌರ ಮಾಡ್ಸಿ’ ಎಂದಳು ಅಮ್ಮ. ಬೀದಿ ನಕ್ಕಿತು. ಆಮೇಲೆ ಜನ ತಮ್ಮ ತಮ್ಮ ಮಾತಿಗೆ ಮರಳಿದರು.

ಅಮ್ಮ ಸೆರಗಿನಲ್ಲಿ ಲೋಟ ಹಿಡಿದು, ನನ್ನ ಕಡೆ ತಿರುಗದೆ, ತಗ್ಗಿದ ದನಿಯಲ್ಲಿ ಹೇಳಿದಳು. ‘ನಿನ್ನ ಲೋಟದಲ್ಲಿ ಮೊದಲನೇ ದಿನದಿಂದ್ಲೂ ನೀರು ಜಾಸ್ತಿ. ಇಷ್ಟು ವರ್ಷ ಬಣ್ಣ ಕಲಸಿದೋಳು ನಾನು. ಯಾವುದು ತೆಳ್ಳಗಾಗಿದೆ ಅಂತ ನಂಗೆ ಗೊತ್ತಾಗಲ್ವೇನೇ?’

‘ಗೊತ್ತಿದ್ದೂ ಯಾಕಮ್ಮ ಸುಮ್ನಿದ್ದೆ?’ ಎಂದೆ.

‘ನಂದು ಕಂಡಾಗ ನೀನು ನಂಗೆ ಹೇಳಿದ್ಯಾ?’

ನಾನು ನನ್ನ ಲೋಟ ಎತ್ತಿಕೊಂಡೆ. ‘ಕುಡಿ, ಆರಿಹೋಗು...’ ಎನ್ನಲು ಹೊರಟ ಅಮ್ಮ ಅಲ್ಲಿಗೇ ನಿಲ್ಲಿಸಿದಳು. ನನ್ನ ಲೋಟವನ್ನೊಮ್ಮೆ, ತನ್ನದನ್ನೊಮ್ಮೆ ನೋಡಿ, ‘ಊದ್ಕೊಂಡು ಕುಡಿ’ ಎಂದಳು.